ಆಮೇಲಣ್ಣನ ಸಂಶಯ ಪುಸ್ತಕ

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಎರಡನೇ ಮಹಡಿಯಲ್ಲಿ, ಲ್ಯಾಬಿನ ಬಾಗಿಲ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮುಂದೆ ಒಂದು ಸಣ್ಣ ಮೇಜು, ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರು, ರಿಜಿಸ್ಟರಿನ ಹಿಂದೆ ಒಬ್ಬ ಅಟೆಂಡರು. ಈ ನಾಲ್ಕರಲ್ಲಿ ಮೊದಲ ಮೂರಕ್ಕೆ ಕಚೇರಿಯವರು ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ನಾಲ್ಕನೆಯದಕ್ಕೆ ವಿದ್ಯಾರ್ಥಿಗಳು ಹೆಸರಿಟ್ಟಿದ್ದರು: ಆಮೇಲಣ್ಣ.

ಈಗಿನ ಮುಖ್ಯಸ್ಥರು ಹೊಸದಾಗಿ ಬಂದಾಗ ಈ ಹೆಸರು ಕೇಳಿ, ಯಾವ ಕೆಲಸ ಹೇಳಿದರೂ ‘ಆಮೇಲೆ ಮಾಡ್ತೀನಿ’ ಅನ್ನುವ ಆಸಾಮಿ ಇರಬೇಕು ಅಂದುಕೊಂಡು ಮೂರು ತಿಂಗಳು ಅವನ ಮೇಲೆ ಒಂದು ಕಣ್ಣಿಟ್ಟಿದ್ದರು. ಹಾಗೇನೂ ಇರಲಿಲ್ಲ. ಬೆಳಿಗ್ಗೆ ಎಂಟೂವರೆ ಅಂದರೆ ಎಂಟೂವರೆಗೆ ಬೀಗ ತೆಗೆಯುತ್ತಿದ್ದ. ನಲವತ್ತು ಕಂಪ್ಯೂಟರುಗಳ ಸ್ವಿಚ್ಚು ಹಾಕುತ್ತಿದ್ದ. ಯಾವುದಾದರೂ ಮೌಸು ಸತ್ತಿದ್ದರೆ ಕಪಾಟಿನಿಂದ ಜೀವವಿರುವ ಮೌಸೊಂದನ್ನು ತಂದು ಜೋಡಿಸುತ್ತಿದ್ದ. ನೀರಿನ ಬಾಟಲಿ ಹಿಡಿದು ಒಳಗೆ ನುಗ್ಗುವವರನ್ನು ಕಣ್ಣಿನಲ್ಲೇ ತಡೆಯುತ್ತಿದ್ದ. ಇಪ್ಪತ್ತೊಂದು ವರ್ಷಗಳಲ್ಲಿ ಆ ಲ್ಯಾಬಿನ ಕಂಪ್ಯೂಟರುಗಳು ಐದು ಸಲ ಬದಲಾಗಿದ್ದವು, ಮುಖ್ಯಸ್ಥರು ಏಳು ಸಲ. ಸ್ಟೂಲು ಮಾತ್ರ ಅದೇ.

ಹೆಸರು ಬಂದದ್ದು ರಿಜಿಸ್ಟರಿನಿಂದ. ಹಿಂದೆ ಇದ್ದ ಮುಖ್ಯಸ್ಥರೊಬ್ಬರಿಗೆ ವಿದ್ಯಾರ್ಥಿಗಳು ಹೊತ್ತು ಗೊತ್ತಿಲ್ಲದೆ ಬಾಗಿಲು ತಟ್ಟಿ ‘ಸಾರ್, ಒಂದು ಡೌಟು’ ಅನ್ನುವುದು ತಲೆನೋವಾಗಿತ್ತು. ಅವರು ಒಂದು ನಿಯಮ ಮಾಡಿದರು. ಸಂಶಯವಿದ್ದವರು ಮೊದಲು ಅಟೆಂಡರಿಗೆ ಹೇಳಬೇಕು. ಅಟೆಂಡರು ಅದನ್ನು ಸಂಶಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮೇಷ್ಟ್ರು ಬಂದು ಪುಸ್ತಕ ನೋಡಿ ಸಂಶಯ ಬಗೆಹರಿಸುತ್ತಾರೆ. ವಿದ್ಯಾರ್ಥಿಗಳೇ ಬರೆಯಲಿ ಅಂದರೆ ಅವರ ಕೈಬರಹ ಅವರಿಗೇ ತಿಳಿಯುತ್ತಿರಲಿಲ್ಲ. ಅಟೆಂಡರನ ಅಕ್ಷರ ಮಾತ್ರ ಮುತ್ತಿನಂತಿತ್ತು. ಈ ಕೆಲಸಕ್ಕೆ ಬರುವ ಮೊದಲು ಅವನು ಆರು ವರ್ಷ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದ. ಅಕ್ಷರದ ಜೊತೆಗೆ ಅಲ್ಲಿನ ಭಾಷೆಯನ್ನೂ ಕಟ್ಟಿಕೊಂಡು ಬಂದಿದ್ದ. ಹಾಗಾಗಿ ಸಂಶಯ ಪುಸ್ತಕದ ಒಂದು ನಮೂದು ಹೀಗಿರುತ್ತಿತ್ತು:

‘ಹನ್ನೆರಡನೇ ಯಂತ್ರದಲ್ಲಿ ಕುಳಿತ ವಿದ್ಯಾರ್ಥಿಯು ಖುದ್ದು ಹಾಜರಾಗಿ, ತನ್ನ ಪ್ರೋಗ್ರಾಮು ಒಂದೇ ಕಡೆ ಸುತ್ತುತ್ತಲೇ ಇದೆಯೆಂದೂ, ಎಷ್ಟು ಹೊತ್ತಾದರೂ ನಿಲ್ಲುತ್ತಿಲ್ಲವೆಂದೂ ತಿಳಿಸಿದ್ದು, ಸದರಿ ಪ್ರೋಗ್ರಾಮಿಗೆ ಎಲ್ಲಿ ನಿಲ್ಲಬೇಕೆಂದು ಹೇಳಲಾಗಿದೆಯೇ ಎಂದು ಕೇಳಲಾಗಿ’

ಅಷ್ಟೇ. ಮುಂದಕ್ಕಿಲ್ಲ. ಅಷ್ಟು ಹೊತ್ತಿಗೆ ವಿದ್ಯಾರ್ಥಿ ‘ಅಯ್ಯಯ್ಯೋ’ ಎಂದು ಹಣೆ ಚಚ್ಚಿಕೊಂಡು ತನ್ನ ಯಂತ್ರದ ಕಡೆಗೆ ಓಡಿರುತ್ತಿದ್ದ. ಪುಸ್ತಕದಲ್ಲಿ ಹತ್ತಕ್ಕೆ ಏಳು ವಾಕ್ಯಗಳು ಹೀಗೆ ನಡುದಾರಿಯಲ್ಲೇ ನಿಂತಿದ್ದವು.

ಇದರಲ್ಲಿ ಪವಾಡವೇನೂ ಇರಲಿಲ್ಲ. ಆಮೇಲಣ್ಣನಿಗೆ ಪ್ರೋಗ್ರಾಮಿನ ತಲೆಯೂ ಗೊತ್ತಿರಲಿಲ್ಲ, ಬುಡವೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಪ್ಪಿಲ್ಲದೆ ಬರೆಯಬೇಕಾದರೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿಸಿಕೊಳ್ಳಬೇಕಿತ್ತು. ಹೇಳುವವನು ಅಷ್ಟು ನಿಧಾನವಾಗಿ ತನ್ನ ಪ್ರೋಗ್ರಾಮನ್ನು ಬಾಯಲ್ಲಿ ಹೇಳುವುದು ಅದೇ ಮೊದಲಾಗಿರುತ್ತಿತ್ತು. ಹೇಳುತ್ತಾ ಹೇಳುತ್ತಾ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು.

“ಅಣ್ಣಾ, ನಂದೊಂದು ಎರರ್ರು.”

“ಹೇಳು.”

“ಹೆಸರುಗಳ ಪಟ್ಟಿ ಕೊಟ್ರೆ ಅಕ್ಷರದ ಪ್ರಕಾರ ಜೋಡಿಸ್ಬೇಕು.”

“ಜೋಡಿಸ್ಬೇಕು. ಆಮೇಲೆ?”

“ಜೋಡಿಸುತ್ತೆ. ಆದ್ರೆ ಕೊನೇ ಹೆಸರು ಕಾಣೆಯಾಗುತ್ತೆ.”

“ಸ್ವಲ್ಪ ನಿಧಾನ ಮಾರಾಯಾ. ಕಾ... ಣೆ... ಯಾಗಿ. ಯಾರದು ಆ ಹೆಸರು?”

“ಯಾರದಾದ್ರೂ ಅಣ್ಣಾ. ಯಾರು ಕೊನೇಲಿದ್ರೆ ಅವರು.”

“ಪಾಪ. ಆಮೇಲೆ?”

“ಆಮೇಲೇನಿಲ್ಲ. ಒಟ್ಟು ಎಷ್ಟು ಹೆಸರಿದೆ ಅಂತ ಎಣಿಸಿ, ಅದರಲ್ಲಿ ಒಂದನ್ನ ಕಳೆದು... ಯಾಕೆ ಕಳೆದೆ ನಾನು?”

“ನೀನು ಕಳೆದದ್ದನ್ನ ನನ್ನ ಕೇಳಿದ್ರೆ?”

ಉತ್ತರ ಕೇಳುವುದಕ್ಕೆ ಹುಡುಗ ಅಲ್ಲಿರಲಿಲ್ಲ.

ದಿನಕ್ಕೆ ಇಪ್ಪತ್ತು ಮಂದಿ ಹೀಗೆ ಎದುರಿಗೆ ನಿಂತು, ಮುಖ ಬೆಳಗಿಸಿಕೊಂಡು ಓಡಿಹೋದರೆ ಎಂಥವನಿಗಾದರೂ ತನ್ನ ಬಗ್ಗೆ ಒಂದು ಅಭಿಪ್ರಾಯ ಬಂದೇ ಬರುತ್ತದೆ. ಆಮೇಲಣ್ಣನಿಗೂ ಬಂದಿತ್ತು. ಅದನ್ನು ಅವನು ಲ್ಯಾಬಿನಲ್ಲಿ ತೋರಿಸಿಕೊಳ್ಳುತ್ತಿರಲಿಲ್ಲ, ಮನೆಗೆ ತಂದು ಬಿಚ್ಚುತ್ತಿದ್ದ. ಅದರಲ್ಲೂ ಷಡ್ಡಕ ಮನೆಗೆ ಬಂದಾಗ. ಷಡ್ಡಕ ಅಂದರೆ ನಾದಿನಿಯ ಗಂಡ. ಬ್ಯಾಂಕಿನಲ್ಲಿ ಕೆಲಸ. ಕುರ್ಚಿಯಲ್ಲಿ ಕೂರುವಾಗಲೂ ಕುರ್ಚಿಗೆ ಉಪಕಾರ ಮಾಡುವಂತೆ ಕೂರುವವನು.

“ಅಲ್ಲಿ ನಿಮ್ದು ಏನು ಕೆಲಸ ಭಾವ, ಬಾಗಿಲು ಕಾಯೋದು ತಾನೇ?” ಅನ್ನುತ್ತಿದ್ದ ಷಡ್ಡಕ.

“ಬಾಗಿಲು ಅದರ ಪಾಡಿಗೆ ಇರುತ್ತೆ. ಸಂಶಯ ವಿಭಾಗ ನಂದು.”

“ಅಂದ್ರೆ?”

“ಮಕ್ಕಳ ಡೌಟು ಮೊದಲು ನನ್ನ ಹತ್ರ ಬರುತ್ತೆ. ನನ್ನ ಕೈಲಿ ಆಗದೇ ಇದ್ದದ್ದು ಪ್ರೊಫೆಸರ್ ಹತ್ರ ಹೋಗುತ್ತೆ.”

ಲೆಕ್ಕದ ಪ್ರಕಾರ ಇದು ಸುಳ್ಳೂ ಅಲ್ಲ. ಆದರೂ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದಳು. ಅಕ್ಕಪಕ್ಕದ ಹತ್ತು ಮನೆಗಳ ಬಟ್ಟೆ ಅಳತೆ ಸರಿಮಾಡುವವಳು ಅವಳು. ಗಂಡನ ಅಳತೆ ಅವಳಿಗೆ ಬಾಯಿಪಾಠ.

“ರೀ, ನಿಮಗೆ ಗೊತ್ತಿರೋದು ಒಂದೇ ಮಾತು. ಅದನ್ನೇ ಎಷ್ಟು ಅಗಲ ಮಾಡ್ತೀರಿ?” ಅನ್ನುತ್ತಿದ್ದಳು.

ಅಗಲ ಮಾಡುವ ವಿಷಯದಲ್ಲಿ ಮುಖ್ಯಸ್ಥರೂ ಹಿಂದೆ ಬಿದ್ದವರಲ್ಲ. ವಿಭಾಗದ ಕಾರಿಡಾರಿನಲ್ಲಿ ಒಂದು ‘ಸಾಧನೆಯ ಗೋಡೆ’ ಇತ್ತು. ಸ್ಪರ್ಧೆಗಳಲ್ಲಿ ಗೆದ್ದ ವಿದ್ಯಾರ್ಥಿಗಳ ಹದಿನಾಲ್ಕು ಫೋಟೋಗಳು ಅಲ್ಲಿದ್ದವು. ಹದಿನಾಲ್ಕರಲ್ಲೂ ನಡುವೆ ಮುಖ್ಯಸ್ಥರು, ಎರಡೂ ಕೈಗಳಿಂದ ಬಹುಮಾನ ಹಿಡಿದುಕೊಂಡು. ಗೆದ್ದವರು ಅಂಚಿನಲ್ಲಿ. ಮೂರು ಫೋಟೋಗಳಲ್ಲಿ ಗೆದ್ದವರ ಒಂದೊಂದು ಕಿವಿ ಚೌಕಟ್ಟಿನೊಳಗೆ ಸೇರಿ ಕಾಣೆಯಾಗಿತ್ತು.

ಆ ವರ್ಷ ಎರಡನೇ ಸೆಮಿಸ್ಟರು ಶುರುವಾಗುವ ಹೊತ್ತಿಗೆ ಲ್ಯಾಬಿನ ಬಾಗಿಲಿಗೆ ಕಾರ್ಡು ತೋರಿಸಿದರೆ ತೆರೆಯುವ ಬೀಗ ಬಂತು. ಅದರ ಹಿಂದೆಯೇ ಆಡಳಿತ ಕಟ್ಟಡದಿಂದ ಒಂದು ಸುತ್ತೋಲೆ. ಬೀಗ ತಾನೇ ತೆರೆದುಕೊಳ್ಳುವ ಲ್ಯಾಬುಗಳಿಗೆ ಇನ್ನು ಅಟೆಂಡರು ಬೇಕಿಲ್ಲ. ಅಂಥವರನ್ನು ಬೇರೆ ಕಡೆ ಹಂಚಲಾಗುವುದು. ಯಾರಾದರೂ ಇದ್ದ ಕಡೆಯೇ ಬೇಕೇಬೇಕೆಂದರೆ ಅವರು ಮಾಡುವ ಕೆಲಸದ ಪುರಾವೆಯನ್ನು ಆರು ವಾರಗಳ ನಂತರ ಬರುವ ಸಮಿತಿಗೆ ತೋರಿಸಬೇಕು. ಆಮೇಲಣ್ಣನ ಎದುರಿಗೆ ಬರೆದಿದ್ದ ಜಾಗ: ಹಳೆಯ ಉತ್ತರಪತ್ರಿಕೆಗಳ ಉಗ್ರಾಣ, ನೆಲಮಾಳಿಗೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಹೋಗಿ ನೋಡಿ ಬಂದ. ಹತ್ತು ಮೆಟ್ಟಿಲು ಕೆಳಗೆ, ಒಂದು ಟ್ಯೂಬ್‌ಲೈಟು, ಚಾವಣಿಯವರೆಗೆ ಕಾಗದದ ಕಟ್ಟುಗಳು. ಈಗಾಗಲೇ ಅಲ್ಲಿದ್ದ ಉಗ್ರಾಣದವನು ಒಂಬತ್ತು ವರ್ಷದಿಂದ ಅಲ್ಲೇ ಇದ್ದನಂತೆ.

“ಹೇಗಿದೆ ಇಲ್ಲಿ?” ಎಂದು ಆಮೇಲಣ್ಣ ಕೇಳಿದ.

ಉಗ್ರಾಣದವನು ಬಾಯಿ ತೆರೆದ. ಮೊದಲು ಗಾಳಿ ಬಂತು, ಆಮೇಲೆ ಒಂದು ಕೆಮ್ಮು, ಕೊನೆಗೆ ಮಾತು. “ತುಂಬಾ ನೆಮ್ಮದಿ. ಈ ವರ್ಷ ನೀವು ಎರಡನೇವರು.”

ಮೆಟ್ಟಿಲು ಹತ್ತಿ ಮೇಲೆ ಬಂದ ಆಮೇಲಣ್ಣನಿಗೆ ಮೈದಾನದಲ್ಲಿ ವಿದ್ಯಾರ್ಥಿಗಳು ಮಾಡುತ್ತಿದ್ದ ಗಲಾಟೆ ಕೇಳಿ ಕಿವಿ ತಂಪಾಯಿತು. ತಾನು ಆ ನೆಲಮಾಳಿಗೆಗೆ ಹೋಗಬಾರದು, ಏನಾದರೂ ಆಗಲಿ ಹೋಗಬಾರದು ಅಂದುಕೊಂಡ. ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದ.

ಮುಖ್ಯಸ್ಥರು ಅವನ ಪರವಾಗಿಯೇ ಇದ್ದರು. ವಿಭಾಗದಿಂದ ಒಂದು ಪಿನ್ನು ಹೋದರೂ ತಮ್ಮ ಘನತೆಗೆ ಕುಂದು ಎಂದು ನಂಬಿದವರು ಅವರು. ಸಂಶಯ ಪುಸ್ತಕ ತರಿಸಿ ಪುಟ ತಿರುವಿದರು. ತಿರುವುತ್ತಾ ತಿರುವುತ್ತಾ ಮುಖ ಗಂಟಾಯಿತು.

“ಏನಯ್ಯಾ ಇದು, ಎಲ್ಲಾ ಅರ್ಧಂಬರ್ಧ? ‘ಕೇಳಲಾಗಿ, ಕೇಳಲಾಗಿ, ಕೇಳಲಾಗಿ.’ ಕೇಳಿ ಏನಾಯ್ತು?”

“ಓಡಿಹೋದ್ರು ಸಾರ್.”

“ಪಕ್ಕದಲ್ಲಿ ‘ಪರಿಹಾರ’ ಅಂತ ಒಂದು ಕಲಂ ಇದೆಯಲ್ಲ. ಪೂರ್ತಿ ಖಾಲಿ! ಸಮಿತಿಯವರು ನೋಡಿದ್ರೆ ನೀನು ಮಕ್ಕಳನ್ನ ಓಡಿಸೋಕೆ ಕೂತಿದೀಯ ಅಂತ ಬರೀತಾರೆ. ಇವತ್ತಿಂದ ಒಂದು ವಾಕ್ಯಾನೂ ಅರ್ಧ ಇರಕೂಡದು. ಸಂಶಯ, ಪರಿಹಾರ, ಸಂಶಯ, ಪರಿಹಾರ. ಗೊತ್ತಾಯ್ತಾ?”

ಗೊತ್ತಾಯಿತು. ಪರಿಹಾರ ಬರೆಯಬೇಕಾದರೆ ಪರಿಹಾರ ತಿಳಿದಿರಬೇಕು. ಆಮೇಲಣ್ಣ ಐವತ್ತಮೂರನೇ ವಯಸ್ಸಿನಲ್ಲಿ ಮೊದಲನೇ ವರ್ಷದವರ ಪ್ರೋಗ್ರಾಮಿಂಗ್ ತರಗತಿಯ ಕೊನೇ ಬೆಂಚಿನಲ್ಲಿ ಹೋಗಿ ಕೂತ. ಪಾಠ ಮಾಡುವ ಹೊಸ ಮೇಡಂ ಮೊದಲ ದಿನ ಅವನು ಪ್ರೊಜೆಕ್ಟರು ಸರಿಮಾಡಲು ಬಂದಿದ್ದಾನೆ ಅಂದುಕೊಂಡರು. ಎರಡನೇ ದಿನ ಅವನ ನೋಟ್ಸು ನೋಡಿ, ಇಷ್ಟು ಚಂದದ ನೋಟ್ಸು ಬರೆಯುವವರು ಇಡೀ ತರಗತಿಯಲ್ಲಿ ಯಾರೂ ಇಲ್ಲವೆಂದು ಮುಂದಿನ ಬೆಂಚಿನವರಿಗೆ ಬೈದರು.

ಮೂರು ವಾರಗಳಲ್ಲಿ ಅವನು ಮೂರು ವಿಷಯ ಕಲಿತ. ಸಾಲಿನ ಕೊನೆಗೆ ಸೆಮಿಕೋಲನ್ ಹಾಕಬೇಕು. ತಿದ್ದಿದ್ದನ್ನು ಸೇವ್ ಮಾಡದೆ ಓಡಿಸಿದರೆ ಹಳೆಯ ಪ್ರೋಗ್ರಾಮೇ ಓಡುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಂಪ್ಯೂಟರು ಒಂದರಿಂದ ಎಣಿಸುವುದಿಲ್ಲ, ಸೊನ್ನೆಯಿಂದ ಎಣಿಸುತ್ತದೆ. ಈ ಮೂರನೆಯದು ಅವನನ್ನು ಎಷ್ಟು ಹಿಡಿದುಬಿಟ್ಟಿತೆಂದರೆ, ಮನೆಯಲ್ಲಿ ಹೆಂಡತಿ “ಎಷ್ಟನೇ ಗುಂಡಿ ಕಿತ್ತುಹೋಗಿದೆ?” ಎಂದು ಅವನ ಅಂಗಿ ಹಿಡಿದು ಕೇಳಿದಾಗ “ಎರಡನೇದು” ಅಂದ. ಅವಳು ಎರಡನೆಯದನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. “ನಮ್ಮ ಲೆಕ್ಕದಲ್ಲಿ ಎರಡನೇದು. ನಿಮ್ಮ ಲೆಕ್ಕದಲ್ಲಿ ಮೂರು,” ಅಂದ. ಅವಳು ಸೂಜಿಯನ್ನು ಅವನ ಕಡೆಗೆ ಹಿಡಿದು, “ಆ ಲೆಕ್ಕ ಅಲ್ಲೇ ಬಿಟ್ಟು ಬನ್ನಿ” ಅಂದಳು.

ಲ್ಯಾಬಿನಲ್ಲೂ ಅದೇ ಆಯಿತು. ಯಾರು ಎದುರು ನಿಂತು ಬಾಯಿ ತೆರೆದರೂ ಅವನ ಹತ್ತಿರ ಪರಿಹಾರ ತಯಾರಾಗಿರುತ್ತಿತ್ತು.

“ಅಣ್ಣಾ, ಇದು ಫೈಲನ್ನ ಓದ್ತಾ ಇದೆ, ಆದ್ರೆ...”

“ಅದಕ್ಕೇ! ಸೆಮಿಕೋಲನ್ ಬಿಟ್ಟಿರ್ತೀಯ.”

“ಇಲ್ಲಣ್ಣ, ಹಾಕಿದೀನಿ.”

“ಅದಕ್ಕೇ ಹೇಳೋದು, ಸೊನ್ನೆಯಿಂದ ಎಣಿಸು ಅಂತ.”

“ಇದರಲ್ಲಿ ಎಣಿಸೋದೇನೂ ಇಲ್ಲಣ್ಣ.”

“ಇಲ್ಲದೇ ಇರೋದೇ ಸೊನ್ನೆ. ಹೋಗಿ ನೋಡು.”

ಪುಸ್ತಕದಲ್ಲಿ ವಾಕ್ಯಗಳು ಪೂರ್ತಿಯಾದವು. ‘ಪರಿಹಾರ’ ಕಲಂ ತುಂಬಿತು. ‘ಸೆಮಿಕೋಲನ್ ಹಾಕುವಂತೆ ತಿಳಿವಳಿಕೆ ನೀಡಲಾಯಿತು.’ ‘ಸೊನ್ನೆಯ ಮಹತ್ವವನ್ನು ಮನದಟ್ಟು ಮಾಡಿ ಕಳುಹಿಸಲಾಯಿತು.’ ಮುಖ್ಯಸ್ಥರು ದಿನಾ ಸಂಜೆ ಪುಸ್ತಕ ನೋಡಿ ತಲೆ ಆಡಿಸಿದರು. ಬರುವವರು ಮಾತ್ರ ದಿನಕ್ಕೆ ಇಪ್ಪತ್ತು ಇದ್ದದ್ದು ಹನ್ನೆರಡಾದರು, ಹನ್ನೆರಡು ಇದ್ದದ್ದು ಐದಾದರು. ಓಡಿಹೋಗುವವರಂತೂ ಯಾರೂ ಇರಲಿಲ್ಲ. ಎಲ್ಲರೂ ಬಂದ ಹಾಗೇ ನಡೆದುಕೊಂಡು ಹೋಗುತ್ತಿದ್ದರು. ತನ್ನ ಬೋಧನೆಯಿಂದ ಮಕ್ಕಳು ಅಷ್ಟು ಜಾಣರಾಗಿದ್ದಾರೆ, ಸಂಶಯವೇ ಉಳಿದಿಲ್ಲ ಎಂದು ಆಮೇಲಣ್ಣ ಸಮಾಧಾನ ಮಾಡಿಕೊಂಡ.

ಒಂದು ದಿನ ಸತ್ತ ಮೌಸು ಬದಲಿಸಲು ಒಳಗೆ ಹೋಗಿ ಮೇಜಿನ ಕೆಳಗೆ ತಂತಿ ಹುಡುಕುತ್ತಿದ್ದಾಗ ಮೇಲಿನಿಂದ ಮಾತು ಕೇಳಿಸಿತು.

“ಬಾರೋ, ಆಮೇಲಣ್ಣನ ಹತ್ರ ಹೇಳೋಣ.”

“ಯಾವ ಕಾಲದಲ್ಲಿದೀಯ? ಅವರೀಗ ಆಮೇಲಣ್ಣ ಅಲ್ಲ, ಅದಕ್ಕಣ್ಣ. ನಾವು ಒಂದು ಮಾತು ಹೇಳೋಷ್ಟರಲ್ಲಿ ‘ಅದಕ್ಕೇ, ಅದಕ್ಕೇ’ ಅಂತಾರೆ. ಗೋಡೆ ಹತ್ರ ಹೇಳ್ಕೊಂಡ್ರೂ ವಾಸಿ.”

ಆಮೇಲಣ್ಣ ಮೌಸು ಜೋಡಿಸಿದ. ಆ ಇಬ್ಬರೂ ಎದ್ದು ಹೋಗುವವರೆಗೆ ಮೇಜಿನ ಕೆಳಗೇ ಇದ್ದ. ಮಂಡಿ ನೋಯುತ್ತಿತ್ತು.

ಸಮಿತಿ ಬರಲು ಒಂದು ವಾರ ಇರುವಾಗ ಕೊನೇ ವರ್ಷದ ಹುಡುಗಿಯೊಬ್ಬಳು ಬಂದಳು. ಅವಳನ್ನು ಎಲ್ಲರೂ ನಕ್ಷೆ ಅನ್ನುತ್ತಿದ್ದರು. ಅವಳ ಅಣ್ಣ ಆಂಬುಲೆನ್ಸ್ ಓಡಿಸುವವನು. ಊರಿನ ಯಾವ ಮೂಲೆಯಿಂದ ಕರೆ ಬಂದರೂ ಆಂಬುಲೆನ್ಸಿಗೆ ಹತ್ತಿರದ ದಾರಿ ತೋರಿಸುವ ಪ್ರೋಗ್ರಾಮನ್ನು ಅವಳು ಎಂಟು ತಿಂಗಳಿಂದ ಬರೆಯುತ್ತಿದ್ದಳು. ಶನಿವಾರ ವಿಶ್ವವಿದ್ಯಾಲಯಗಳ ನಡುವಿನ ಸ್ಪರ್ಧೆಯಲ್ಲಿ ಅದನ್ನು ತೋರಿಸಬೇಕಿತ್ತು. ಅಂದು ಬುಧವಾರ. ಊರಾಚೆಯ ರಸ್ತೆಗಳನ್ನೂ ಸೇರಿಸಿದ ಮೇಲೆ, ಮೂರು ದಿನದಿಂದ ಪ್ರೋಗ್ರಾಮು ಇದ್ದಕ್ಕಿದ್ದಂತೆ ಹುಚ್ಚು ಹುಚ್ಚು ದಾರಿ ತೋರಿಸುತ್ತಿತ್ತು. ಹೊಸ ಮೇಡಂ ನೋಡಿದ್ದರು, ಮುಖ್ಯಸ್ಥರು ನೋಡಿ ‘ಇಂಟರೆಸ್ಟಿಂಗ್’ ಎಂದು ಹೇಳಿ ಹೋಗಿದ್ದರು.

ಮೇಜಿನ ಮುಂದೆ ನಿಂತು ಅವಳು ಹೇಳಿದ ಮೊದಲ ಮಾತು ಸಂಶಯವಾಗಿರಲಿಲ್ಲ.

“ಅಣ್ಣಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಮೊದಲು ಹೇಗಿದ್ರೋ ಹಾಗೇ ಇರ್ತೀರಾ? ಇವತ್ತೊಂದು ದಿನ?”

“ಮೊದಲು ಹೇಗಿದ್ದೆ?”

“ಏನೂ ಗೊತ್ತಿಲ್ಲದೋರ ಥರ.”

ಆಮೇಲಣ್ಣ ಪುಸ್ತಕ ಎಳೆದುಕೊಂಡ. ಆ ಕ್ಷಣದಲ್ಲಿ ಅವನಿಗೆ ಎರಡು ದಾರಿ ಕಾಣುತ್ತಿತ್ತು. ವಾಕ್ಯ ಪೂರ್ತಿ ಮಾಡಿ, ಪರಿಹಾರ ಬರೆದು ಲ್ಯಾಬಿನಲ್ಲಿ ಉಳಿಯುವುದು ಒಂದು. ಇನ್ನೊಂದು ದಾರಿ ಹತ್ತು ಮೆಟ್ಟಿಲು ಕೆಳಗಿಳಿಯುತ್ತಿತ್ತು.

“ಹೇಳು,” ಅಂದ.

ಅವಳು ಹೇಳತೊಡಗಿದಳು. ಊರಿನ ಎಲ್ಲ ರಸ್ತೆಗಳ ಪಟ್ಟಿ ಇದೆ. ಯಾವ ರಸ್ತೆ ಯಾವ ರಸ್ತೆಗೆ ಕೂಡುತ್ತದೆ ಅನ್ನುವುದಿದೆ. ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ರಸ್ತೆಗಳನ್ನು ಒಂದೊಂದಾಗಿ ಎಣಿಸಿಕೊಂಡು...

ಎಣಿಸಿಕೊಂಡು! ಆಮೇಲಣ್ಣನ ಮೈಯೆಲ್ಲ ಜುಮ್ಮೆಂದಿತು. ತಪ್ಪು ಅವನಿಗೆ ಗೊತ್ತಾಗಿಹೋಗಿತ್ತು. ಸೊನ್ನೆ! ಮೊದಲ ರಸ್ತೆಯನ್ನು ಒಂದು ಅಂತ ಎಣಿಸಿದ್ದಾಳೆ, ಅದಕ್ಕೇ ಎಲ್ಲ ರಸ್ತೆಯೂ ಒಂದೊಂದು ಪಕ್ಕಕ್ಕೆ ಸರಿದಿದೆ. ಮಾತು ನಾಲಗೆಯ ತುದಿಗೆ ಬಂದು ಕೂತಿತು. ಹಿಂದೆ ಇಪ್ಪತ್ತೊಂದು ವರ್ಷ ಸುಮ್ಮನೆ ಕೇಳಿದ್ದು ಅವನಿಗೆ ಒಂದು ದಿನವೂ ಕಷ್ಟವಾಗಿರಲಿಲ್ಲ, ಹೇಳುವುದಕ್ಕೆ ಒಳಗೆ ಏನೂ ಇರಲಿಲ್ಲವಲ್ಲ. ಈಗ ಇತ್ತು. ಸೀನು ತಡೆದವನಂತೆ ಅವನ ಕಣ್ಣಲ್ಲಿ ನೀರು ಬಂತು. ಪೆನ್ನಿನ ಮುಚ್ಚಳ ಕಚ್ಚಿಕೊಂಡ.

“ಆಮೇಲೆ?” ಅಂದ, ಮುಚ್ಚಳದ ಪಕ್ಕದಿಂದ.

“ನಿನ್ನೆ ಸ್ಟೇಷನ್ನಿಂದ ಹೊಸ ಬಡಾವಣೆಗೆ ದಾರಿ ಕೇಳಿದೆ. ಸ್ಟೇಷನ್ ರಸ್ತೆ ಸರಿಯಾಗೇ ತಗೊಳ್ತು.”

“ಸ್ಟೇ... ಷನ್. ಆಮೇಲೆ?”

“ಅಲ್ಲಿಂದ ಗಡಿಯಾರದ ಸರ್ಕಲ್. ಅದೂ ಸರಿ. ಅಲ್ಲಿಂದ ಆಸ್ಪತ್ರೆ ರಸ್ತೆ. ಅಲ್ಲಿಂದ ಒಂದೇ ಸಲಕ್ಕೆ ಊರಾಚೆ ಇರೋ ಗೋಡೌನ್ ಹತ್ರ ಹಾರಿಬಿಡುತ್ತೆ ಅಣ್ಣ. ಆಂಬುಲೆನ್ಸಿಗೇನು ರೆಕ್ಕೆ ಇದೆಯಾ?”

“ಗೋ... ಡೌನ್. ಆಸ್ಪತ್ರೆ ರಸ್ತೆ ಆದಮೇಲೆ?”

“ಆದಮೇಲೇ. ಆಸ್ಪತ್ರೆ ರಸ್ತೆ ಗೋಡೌನಿಗೆ ಎಲ್ಲಿ ಕೂಡುತ್ತೆ ಹೇಳಿ? ಗೋಡೌನಿಗೆ ಕೂಡೋದು ಹೊಸ ಆಸ್ಪತ್ರೆ...”

ಅವಳ ಮಾತು ಅಲ್ಲೇ ನಿಂತಿತು. ಆಮೇಲಣ್ಣ ಬರೆಯುವ ಕೈಯನ್ನು ನಿಲ್ಲಿಸಿದ.

“ಎರಡಿವೆ,” ಅಂದಳು ಅವಳು, ಯಾರಿಗೂ ಅಲ್ಲದೆ. “ಹಳೇ ಆಸ್ಪತ್ರೆದೊಂದು, ಹೊಸ ಆಸ್ಪತ್ರೆದೊಂದು. ಪಟ್ಟೀಲಿ ಎರಡಕ್ಕೂ ಬರೀ ಆಸ್ಪತ್ರೆ ರಸ್ತೆ ಅಂತಿದೆ. ಎರಡನ್ನೂ ಒಂದೇ ಅಂದ್ಕೊಂಡಿದೆ ಕತ್ತೆ!”

ಕತ್ತೆ ಅಂದದ್ದು ಪ್ರೋಗ್ರಾಮಿಗೆ. ಅವಳು ಆಗಲೇ ಓಡಿದ್ದಳು. ಬಾಗಿಲಲ್ಲಿ ಕಾರ್ಡು ತೋರಿಸಲು ಮರೆತು ಬೀಗದ ಜೊತೆ ಒಂದು ನಿಮಿಷ ಗುದ್ದಾಡಿದಳು.

ಆಮೇಲಣ್ಣ ಮುಚ್ಚಳ ಬಾಯಿಂದ ತೆಗೆದ. ಸೊನ್ನೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ತಾನು ಬಾಯಿ ಬಿಟ್ಟಿದ್ದರೆ ಅವಳು ಶನಿವಾರದವರೆಗೆ ಸೊನ್ನೆಯನ್ನೇ ಎಣಿಸುತ್ತಾ ಕೂರುತ್ತಿದ್ದಳು. ಅದೂ ಸಾಲದೆಂಬಂತೆ, ಅವನ ಮನೆ ಇದ್ದದ್ದು ಹಳೇ ಆಸ್ಪತ್ರೆ ರಸ್ತೆಯಲ್ಲಿ. ಹತ್ತೊಂಬತ್ತು ವರ್ಷದಿಂದ ಅವನ ಅರ್ಧ ಟಪಾಲು ಹೊಸ ಆಸ್ಪತ್ರೆ ರಸ್ತೆಗೆ ಹೋಗಿ ತಿರುಗಿ ಬರುತ್ತಿತ್ತು. ಆದರೂ ಅದು ಅವನಿಗೆ ಹೊಳೆದಿರಲಿಲ್ಲ.

‘ಪರಿಹಾರ’ ಕಲಮಿನ ಮೇಲೆ ಪೆನ್ನು ಹಿಡಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ. ಅಂದಿನಿಂದ ಬಂದ ಯಾರಿಗೂ ಪರಿಹಾರ ಹೇಳಲಿಲ್ಲ. ಸಮಿತಿ ಬರುವಷ್ಟರಲ್ಲಿ ಮತ್ತೆ ಒಂದೂವರೆ ಪುಟದಷ್ಟು ಅರ್ಧ ವಾಕ್ಯಗಳು ಸೇರಿದ್ದವು.

ಶನಿವಾರದ ಸ್ಪರ್ಧೆಯಲ್ಲಿ ನಕ್ಷೆಗೆ ಎರಡನೇ ಬಹುಮಾನ ಬಂತು. ಫೋಟೋಗ್ರಾಫರನ್ನು ಕರೆಸಿ, ಮುಖ್ಯಸ್ಥರನ್ನು ನಡುವೆ ನಿಲ್ಲಿಸಿ, ಹದಿನೈದನೇ ಫೋಟೋ ತೆಗೆಯಲಾಯಿತು.

ಬುಧವಾರ ಸಮಿತಿ ಬಂತು. ಅಧ್ಯಕ್ಷರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಯಾವುದನ್ನು ನೋಡಿದರೂ ಎಲೆ ನೋಡುವಂತೆ ತಿರುಗಿಸಿ ಹಿಂಬದಿಯನ್ನೂ ನೋಡುವವರು. ಜೊತೆಗೆ ಬರೆದುಕೊಳ್ಳಲು ಆಡಳಿತ ಕಟ್ಟಡದ ಗುಮಾಸ್ತ. ಅಧ್ಯಕ್ಷರು ಸಂಶಯ ಪುಸ್ತಕವನ್ನು ಮೊದಲು ಹಿಂದಿನಿಂದ ತೆರೆದರು. ಕೊನೆಯ ಒಂದೂವರೆ ಪುಟದಲ್ಲಿ ಪರಿಹಾರ ಇರಲಿಲ್ಲ.

“ಇದು... ಸ್ವಲ್ಪ ಬಾಕಿ ಇದೆ ಸಾರ್,” ಅಂದರು ಮುಖ್ಯಸ್ಥರು. “ಆದರೆ ನಮ್ಮ ವಿಭಾಗದ ಸಾಧನೆಗೆ ಇವನ ಕೊಡುಗೆ ಬಹಳ ದೊಡ್ಡದು. ಮೊನ್ನೆ ಬಹುಮಾನ ತಗೊಂಡ ಹುಡುಗಿಯನ್ನೇ ಕೇಳಿ.” ನಕ್ಷೆಯನ್ನು ಕರೆಸಿದರು.

“ನಿನ್ನ ಪ್ರೋಗ್ರಾಮಿನ ತಪ್ಪನ್ನ ಇವರು ಸರಿಮಾಡಿಕೊಟ್ರಾ?” ಎಂದು ಅಧ್ಯಕ್ಷರು ಕೇಳಿದರು.

ನಕ್ಷೆ ಆಮೇಲಣ್ಣನ ಕಡೆ ನೋಡಿದಳು, ಮುಖ್ಯಸ್ಥರ ಕಡೆ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಇಲ್ಲ ಸಾರ್. ನಾನೇ ಕಂಡುಹಿಡಿದೆ.”

“ಇವರು ಏನು ಹೇಳಿದ್ರು?”

“ಏನೂ ಹೇಳ್ಲಿಲ್ಲ ಸಾರ್. ಆದ್ರೆ...”

ಅಧ್ಯಕ್ಷರು ಆಗಲೇ ಪುಟ ತಿರುಗಿಸಿದ್ದರು. ಮುಖ್ಯಸ್ಥರು ಕಿಟಕಿಯ ಹೊರಗೆ ಏನೋ ಮುಖ್ಯವಾದದ್ದನ್ನು ಕಂಡವರಂತೆ ಆ ಕಡೆ ತಿರುಗಿದರು.

“ಹಾಗಾದ್ರೆ ಇಪ್ಪತ್ತೊಂದು ವರ್ಷ ನೀವು ಇಲ್ಲಿ ಮಾಡಿದ್ದೇನು?” ಅಧ್ಯಕ್ಷರು ಆಮೇಲಣ್ಣನನ್ನು ಕೇಳಿದರು. ದನಿಯಲ್ಲಿ ಬೈಗುಳವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಷಡ್ಡಕನಿಗೆ ಹೇಳುವ ಉತ್ತರ ಬಾಯಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಆಮೇಲಣ್ಣ ಎರಡೇ ಮಾತಿನಲ್ಲಿ ಮುಗಿಸಿದ.

“ಕೇಳ್ತೀನಿ ಸಾರ್.”

ಅಧ್ಯಕ್ಷರು ಪುಸ್ತಕದ ಮೊದಲಿನ ಹಳೆಯ ಪುಟಗಳನ್ನು, ಓಡಿಹೋದವರ ಪುಟಗಳನ್ನು, ಒಂದೊಂದಾಗಿ ಓದಿದರು. ಎರಡು ಕಡೆ ನಕ್ಕರು. “ಬರ್ಕೊಳ್ಳಿ,” ಎಂದು ಗುಮಾಸ್ತನಿಗೆ ಹೇಳಿದರು, “ಕೇಳುವುದರಲ್ಲಿ ವಿಶೇಷ ಅನುಭವ. ಇಂಥವರನ್ನ ಉಗ್ರಾಣಕ್ಕೆ ಹಾಕೋದು ವ್ಯರ್ಥ.” ಗುಮಾಸ್ತ ಬರೆದುಕೊಂಡ.

ಹತ್ತು ದಿನದ ಮೇಲೆ ಆದೇಶ ಬಂತು. ಸದರಿ ನೌಕರನು ‘ಕೇಳುವ’ ಕೆಲಸದಲ್ಲಿ ಇಪ್ಪತ್ತೊಂದು ವರ್ಷಗಳ ವಿಶೇಷ ಅನುಭವ ಹೊಂದಿರುವುದರಿಂದ, ಅವನನ್ನು ಆಡಳಿತ ಕಟ್ಟಡದ ವಿಚಾರಣಾ ಕೌಂಟರಿಗೆ ನಿಯೋಜಿಸಲಾಗಿದೆ.

ಆಮೇಲಣ್ಣ ಆದೇಶ ಹಿಡಿದುಕೊಂಡು ಗುಮಾಸ್ತನ ಹತ್ತಿರ ಹೋದ. “ಸಾರ್, ನಾನು ಕೇಳ್ತೀನಿ ಅಂದಿದ್ದು ಆ ಕೇಳೋದಲ್ಲ. ಕಿವಿಯಲ್ಲಿ ಕೇಳೋದು.”

“ಕೇಳೋದರಲ್ಲಿ ಎಷ್ಟು ಥರ ಇದೆ ರೀ? ಬರೆಯೋದು ಒಂದೇ ಥರ.”

“ವಿಚಾರಣೆ ಕೌಂಟರಲ್ಲಿ ಕೇಳೋರು ಹೊರಗಿರ್ತಾರೆ ಸಾರ್. ಒಳಗಿರೋನು ಹೇಳ್ಬೇಕು.”

“ಮತ್ತೆ ನೆಲಮಾಳಿಗೆಗೆ ಹೋಗ್ತೀರಾ? ಅದನ್ನಾದ್ರೆ ಈಗಲೇ ಬರೀತೀನಿ.”

ಆಮೇಲಣ್ಣ ಬೇಡವೆಂದು ತಲೆ ಆಡಿಸಿ, ಸೋಮವಾರದಿಂದ ಕೌಂಟರಿನಲ್ಲಿ ಕೂತ. ಗಾಜಿನಲ್ಲಿ ಒಂದು ದುಂಡನೆಯ ತೂತು, ಒಳಗೆ ಹಿಂದಕ್ಕೆ ಒರಗಬಹುದಾದ ಕುರ್ಚಿ, ಯಾವ ಕಚೇರಿ ಯಾವ ಮಹಡಿ ಅನ್ನುವ ಒಂದು ಪಟ್ಟಿ. ಮೊದಲ ವಾರ ಪಟ್ಟಿ ನೋಡಿ ಹೇಳಿದ. ಪ್ರವೇಶ ಪತ್ರಕ್ಕೆ ಮೂರನೇ ಕೋಣೆ, ಅಂಕಪಟ್ಟಿಗೆ ಮೇಲಿನ ಮಹಡಿ. ಷಡ್ಡಕನಿಗೆ ಹೆಂಡತಿಯೇ ಸುದ್ದಿ ಮುಟ್ಟಿಸಿದಳು: “ಈಗ ಇಡೀ ಯೂನಿವರ್ಸಿಟಿ ಇವರನ್ನ ಕೇಳ್ಕೊಂಡೇ ಮುಂದಕ್ಕೆ ಹೋಗ್ಬೇಕು.” ಅದರಲ್ಲಿ ಹೊಗಳಿಕೆ ಎಷ್ಟು, ಚುಚ್ಚು ಎಷ್ಟು ಅನ್ನುವುದನ್ನು ಆಮೇಲಣ್ಣ ಬಿಡಿಸಿ ನೋಡಲು ಹೋಗಲಿಲ್ಲ.

ಎರಡನೇ ವಾರ ಕಂಪ್ಯೂಟರ್ ವಿಭಾಗದ ಎರಡನೇ ವರ್ಷದವನೊಬ್ಬ ಲ್ಯಾಪ್‌ಟಾಪನ್ನು ತೆರೆದಂತೆಯೇ ಎರಡೂ ಕೈಯಲ್ಲಿ ಹಿಡಿದು ಮೈದಾನ ದಾಟಿ ಬಂದು ಸಾಲಿನಲ್ಲಿ ನಿಂತ. ಮಾರನೆಯ ದಿನ ಮೂವರು. ತಿಂಗಳು ಕಳೆಯುವಷ್ಟರಲ್ಲಿ ವಿಚಾರಣಾ ಕೌಂಟರಿನ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಹೋಯಿತು. ಅಷ್ಟೊಂದು ವಿಚಾರಿಸುವಂಥದ್ದು ತಮ್ಮ ವಿಶ್ವವಿದ್ಯಾಲಯದಲ್ಲಿ ಏನಿದೆಯೆಂದು ಆಡಳಿತದವರಿಗೇ ಬಗೆಹರಿಯಲಿಲ್ಲ.

ಒಂದು ಮಧ್ಯಾಹ್ನ ಮೊದಲನೇ ವರ್ಷದ ಹುಡುಗಿಯೊಬ್ಬಳು ತೂತಿನ ಮುಂದೆ ನಿಂತು ತನ್ನ ಪ್ರೋಗ್ರಾಮು ಎರಡು ಸಂಖ್ಯೆ ಕೂಡುವ ಬದಲು ಪಕ್ಕ ಪಕ್ಕ ಬರೆಯುತ್ತದೆಂದು ಹೇಳುತ್ತಿದ್ದಳು. ಅವಳ ಹಿಂದೆ, ಮಗಳ ಅಂಕಪಟ್ಟಿಗೆಂದು ಬಂದಿದ್ದ ಒಬ್ಬ ಯಜಮಾನರು. ಟೆಲಿಫೋನ್ ಇಲಾಖೆಯಲ್ಲಿದ್ದವರಂತೆ. ಮೊದಲು ಗಡಿಯಾರ ನೋಡಿದರು, ಆಮೇಲೆ ಹುಡುಗಿಯ ಭುಜದ ಮೇಲಿಂದ ಪರದೆ ನೋಡಿದರು. ಅವರ ಮುಖ ಅರಳಿತು.

“ಓಹೋ! ಅಷ್ಟೇನಾ? ನೋಡಮ್ಮಾ, ನೀನು ಅಲ್ಲಿ...”

ಆಮೇಲಣ್ಣ ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. “ಯಜಮಾನ್ರೇ, ಸ್ವಲ್ಪ ಸುಮ್ನಿರಿ.”

“ಅಲ್ರೀ, ನನಗೆ ಗೊತ್ತು ರೀ ಅದು!”

“ಗೊತ್ತಿರುತ್ತೆ ಸಾರ್. ಅದೇ ಕಷ್ಟ. ಅವಳು ಹೇಳ್ತಾ ಇದಾಳೆ, ಹೇಳ್ಲಿ.”

ಯಜಮಾನರು ಬಾಯಿ ಮುಚ್ಚಿದರು. ಮುಚ್ಚಿದ ಬಾಯಿಯ ಹಿಂದೆ ಮಾತು ಮೇಲೆ ಕೆಳಗೆ ಓಡಾಡುತ್ತಿದ್ದದ್ದು ಗಂಟಲಿನಲ್ಲಿ ಕಾಣುತ್ತಿತ್ತು. ಮುಖ ಕೆಂಪಾಯಿತು. ಹುಡುಗಿ ಪರದೆ ನೋಡುತ್ತಾ, ನಿಧಾನವಾಗಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು. ಆಮೇಲಣ್ಣ ತನ್ನ ನೀರಿನ ಲೋಟವನ್ನು ಗಾಜಿನ ಕೆಳಗಿನ ಸಂದಿಯಿಂದ ಯಜಮಾನರ ಕಡೆಗೆ ಸರಿಸಿದ.